ಲೇಪಾಕ್ಷಿಯಲ್ಲಿ ನಮ್ಮ ಶಾಲೆಯ ‘ಗೈಡು’ಗಳು

ಶಾಲಾ ಪ್ರವಾಸಕ್ಕೆ ನಮ್ಮ ಕಡೆ ಒಂದು ಸಿದ್ಧವಾದ ಕ್ರಮ ಇದೆ. ಡಿಸೆಂಬರ್ ಬಂತೆಂದರೆ ಒಂದು ಬಸ್ಸು ಗೊತ್ತುಮಾಡುವುದು, ಮೈಸೂರು ಅರಮನೆ, ಬೃಂದಾವನ, ಬೇಲೂರು, ಹಳೇಬೀಡು ಎಂದು ಎರಡು ಮೂರು ದಿನ ಸುತ್ತುವುದು. ದೇವಸ್ಥಾನದ ಬಾಗಿಲಲ್ಲಿ ಸಿಕ್ಕಿದ ಗೈಡು ಇಪ್ಪತ್ತು ನಿಮಿಷದಲ್ಲಿ ಹೇಳಿ ಮುಗಿಸುವುದನ್ನು ಎದುರಿಗೆ ನಿಂತ ಐದಾರು ಮಕ್ಕಳು ಕೇಳುತ್ತಾರೆ. ಹಿಂದಿನವರು ಫೊಟೊ ತೆಗೆಯುತ್ತಿರುತ್ತಾರೆ. ಊರಿಗೆ ಬಂದ ಮೇಲೆ ‘ನಾನು ಕೈಗೊಂಡ ಪ್ರವಾಸ’ ಎಂಬ ಪ್ರಬಂಧ. ಅಂತಹ ಪ್ರಬಂಧಗಳನ್ನು ಎಷ್ಟೋ ವರ್ಷ ತಿದ್ದಿದ ಅನುಭವದಿಂದ ಹೇಳುತ್ತೇನೆ, ಅದರಲ್ಲಿ ಮಸಾಲೆದೋಸೆಗೆ ಇರುವಷ್ಟು ಜಾಗ ಹೊಯ್ಸಳರಿಗೆ ಇರುವುದಿಲ್ಲ.

ಈ ಸಲ ನಾವು ಗೈಡನ್ನು ಗೊತ್ತುಮಾಡಲಿಲ್ಲ. ಒಂಬತ್ತನೆಯ ತರಗತಿಯ ಇಪ್ಪತ್ತೆಂಟು ಮಕ್ಕಳನ್ನು ಇಬ್ಬಿಬ್ಬರಂತೆ ಹದಿನಾಲ್ಕು ಜೋಡಿ ಮಾಡಿ, ಪ್ರತಿಯೊಂದು ಜೋಡಿಗೂ ಒಂದೊಂದು ಸ್ಥಳವನ್ನೋ ಒಂದು ಮಂಟಪವನ್ನೋ ವಹಿಸಿಕೊಟ್ಟೆವು. ಅಲ್ಲಿಗೆ ತಲಪಿದಾಗ ಅವರೇ ಗೈಡು, ಉಳಿದವರೆಲ್ಲ ಪ್ರವಾಸಿಗಳು. ಹೋದದ್ದು ಪರರಾಜ್ಯಕ್ಕೆ, ಆಂಧ್ರದ ಹಿಂದೂಪುರ ಮತ್ತು ಕಲ್ಯಾಣದುರ್ಗದ ಕಡೆಗೆ.

ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಈ ಊರುಗಳ ಹೆಸರು ಹೇಳಿದಾಗ ಒಬ್ಬರು ಎದ್ದು ನಿಂತು, “ಅಲ್ಲಿ ಎಂತ ಉಂಟು ಟೀಚರ್? ನಮ್ಮ ಮಕ್ಕಳಿಗೆ ತೆಲುಗು ಬರ್ತದಾ?” ಎಂದು ಕೇಳಿದರು. ಇನ್ನೊಬ್ಬರ ಪ್ರಶ್ನೆ ಹೆಚ್ಚು ನೇರವಾಗಿತ್ತು: “ಕನ್ನಡ ಮೀಡಿಯಮಿನ ಮಕ್ಕಳು ಹೊರಗೆ ಹೋಗಿ ಯಾರ ಹತ್ತಿರ ಮಾತಾಡ್ಲಿಕ್ಕೆ ಉಂಟು?” ಇದು ಪ್ರವಾಸಕ್ಕಷ್ಟೇ ಸಂಬಂಧಪಟ್ಟ ಪ್ರಶ್ನೆಯಲ್ಲವೆಂದು ಅಲ್ಲಿದ್ದ ಅಧ್ಯಾಪಕರಿಗೆಲ್ಲ ತಿಳಿದಿತ್ತು. ಜೂನ್ ತಿಂಗಳಲ್ಲಿ ಒಂದನೆಯ ತರಗತಿಗೆ ಮಕ್ಕಳನ್ನು ಸೇರಿಸುವ ಹೊತ್ತಿಗೆ ಪ್ರತಿಯೊಂದು ಮನೆಯ ಜಗಲಿಯಲ್ಲೂ ಕೇಳಿಬರುವ ಪ್ರಶ್ನೆ ಅದು.

ಆ ಪ್ರದೇಶವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅನಂತಪುರ ಜಿಲ್ಲೆಯೂ ನಮ್ಮ ದಕ್ಷಿಣ ಕನ್ನಡವೂ ಒಂದು ಕಾಲದಲ್ಲಿ ಮದರಾಸಿನ ಆಡಳಿತದಲ್ಲೇ ಇದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಅನಂತಪುರ ಅದಕ್ಕೆ ಸೇರಿತು; ಬಳ್ಳಾರಿ ಜಿಲ್ಲೆಯಿಂದ ರಾಯದುರ್ಗ, ಆಲೂರು, ಆದವಾನಿ ತಾಲೂಕುಗಳೂ ಅತ್ತ ಹೋದವು. ಮೂರು ವರ್ಷ ಕಳೆದು 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮಡಕಶಿರಾ, ರೊಳ್ಳ, ಅಮರಾಪುರ, ರಾಯದುರ್ಗದ ಸುತ್ತಿನ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮನೆಮಾತಾಗಿರುವವರು ಇದ್ದಾರೆ, ಕನ್ನಡ ಮಾಧ್ಯಮದ ಶಾಲೆಗಳಿವೆ. 2022ರ ಏಪ್ರಿಲ್ 4ರಿಂದ ಹಿಂದೂಪುರ, ಲೇಪಾಕ್ಷಿ, ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿವೆ. ಕಲ್ಯಾಣದುರ್ಗ, ರಾಯದುರ್ಗ ಹಳೆಯ ಅನಂತಪುರದಲ್ಲೇ ಉಳಿದಿವೆ. ಕುಂಬಳೆ ಕಡೆಯ ಮಕ್ಕಳಿಗೆ ಅನಂತಪುರವೆಂದರೆ ಕೆರೆಯ ನಡುವಿನ ದೇವಸ್ಥಾನವೇ ಆದುದರಿಂದ “ಅಲ್ಲಿಯೂ ಮೊಸಳೆ ಉಂಟಾ?” ಎಂಬ ಪ್ರಶ್ನೆ ಬಂದದ್ದು ಸಹಜವೇ.

ತಯಾರಿಗೆ ಮೂರು ತಿಂಗಳು ಹಿಡಿಯಿತು. ಪ್ರತಿಯೊಬ್ಬರ ನೋಟ್ ಪುಸ್ತಕದಲ್ಲೂ ಮೂರು ಕಾಲಂ ಹಾಕಿಸಿದೆವು: ‘ಕಾಣುವುದು’, ‘ಬರೆದಿರುವುದು’, ‘ಜನ ಹೇಳುವುದು’. ಅನಂತಪುರದ ಮೊಸಳೆಯಿಂದಲೇ ಅಭ್ಯಾಸ ಆರಂಭವಾಯಿತು. ಕೆರೆಯಲ್ಲಿದ್ದ ಬಬಿಯಾ 2022ರ ಅಕ್ಟೋಬರಿನಲ್ಲಿ ಸತ್ತಿತು. ಇದು ಪತ್ರಿಕೆಗಳಲ್ಲಿ ಬರೆದಿರುವುದು. ಅದು ನೈವೇದ್ಯವನ್ನಲ್ಲದೆ ಬೇರೇನನ್ನೂ ತಿನ್ನುತ್ತಿರಲಿಲ್ಲ ಎಂಬುದು ಜನ ಹೇಳುವುದು. ಎರಡನ್ನೂ ಹೇಳಬಹುದು, ಆದರೆ ಒಂದನ್ನು ಇನ್ನೊಂದರ ಕಾಲಂನಲ್ಲಿ ಬರೆಯಬಾರದು. ಮಕ್ಕಳಿಗೆ ಇದು ಬೇಗ ಅರ್ಥವಾಯಿತು. ಬೇಸರ ಬಂದದ್ದು ನಮ್ಮ ಕೆಲವು ಹಿರಿಯರಿಗೆ.

ಆಮೇಲೆ ಎರಡು ಶನಿವಾರ ಬೇಕಲ ಕೋಟೆಯಲ್ಲಿ ನಿಲ್ಲುವ, ಮಾತಾಡುವ ಪಾಠ. ಕೇಳುವವರ ಕಣ್ಣಿಗೆ ಬಿಸಿಲು ಬೀಳುವಂತೆ ಅವರನ್ನು ನಿಲ್ಲಿಸಬಾರದು, ಬೇಕಾದರೆ ಬಿಸಿಲಿಗೆ ಗೈಡೇ ಮುಖ ಕೊಡಬೇಕು. ಬಂದ ಕೂಡಲೇ ಬಾಯಿ ತೆರೆಯದೆ ಜನರಿಗೆ ಒಂದು ನಿಮಿಷ ಸುಮ್ಮನೆ ನೋಡಲು ಬಿಡಬೇಕು. ಶಿಲ್ಪದ ಕಡೆ ತಿರುಗಿ ಮಾತಾಡಿದರೆ ಸ್ವರ ಗೋಡೆಗೆ ಹೋಗುತ್ತದೆಯೇ ಹೊರತು ಕೇಳುವವರಿಗೆ ತಲಪುವುದಿಲ್ಲ. ಇಂತಿಷ್ಟು ಅಡಿ ಎನ್ನುವುದಕ್ಕಿಂತ ‘ನಮ್ಮ ಶಾಲೆಯ ಬಸ್ಸಿಗಿಂತ ಸ್ವಲ್ಪ ಚಿಕ್ಕದು’ ಎಂದರೆ ಮನಸ್ಸಿಗೆ ಹತ್ತುತ್ತದೆ. ತಿಳಿಯದ ಪ್ರಶ್ನೆ ಬಂದರೆ ‘ಗೊತ್ತಿಲ್ಲ, ನೋಡಿ ಹೇಳ್ತೇನೆ’ ಎನ್ನಬೇಕು. ಒಬ್ಬ ಹುಡುಗ ಮಾತ್ರ ಈ ‘ಗೊತ್ತಿಲ್ಲ’ ಎಂಬ ಮಾತನ್ನು ಹೇಳಲು ಕೊನೆಯವರೆಗೂ ಕಷ್ಟಪಟ್ಟ. ತರಗತಿಯಲ್ಲಿ ಮೊದಲ ಸ್ಥಾನ ಬರುವವನು ಅವನೇ.

ಕಣ್ಣೂರಿನಿಂದ ಕಾಸರಗೋಡಿನ ಮೂಲಕ ಹೋಗುವ ರಾತ್ರಿಯ ರೈಲಿನಲ್ಲಿ ಬೆಂಗಳೂರು ತಲಪಿ, ಅಲ್ಲಿಂದ ಬಸ್ಸಿನಲ್ಲಿ ಹಿಂದೂಪುರ ಸೇರಿದೆವು. ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಮಳೆ ಬೀಳುವ ಊರಿನ ಮಕ್ಕಳಿಗೆ ಸುಮಾರು 550 ಮಿಲಿಮೀಟರಿನಲ್ಲಿ ಬದುಕುವ ನೆಲವನ್ನು ಕಂಡದ್ದೇ ಒಂದು ಪಾಠ. ಬೋಳುಗುಡ್ಡಗಳು, ಬಂಡೆಗಳ ರಾಶಿ, ನಡುವೆ ನೆಲಗಡಲೆಯ ಹೊಲಗಳು. ಹಿಂದೂಪುರ ಬೆಲ್ಲ, ಹುಣಿಸೆಹುಳಿ, ಮೆಣಸಿನ ವ್ಯಾಪಾರಕ್ಕೆ ಹೆಸರಾದ ಊರು. ಚಾ ಕುಡಿಯಲು ಹೋದ ಹೋಟೆಲಿನಲ್ಲಿ ನಮ್ಮ ಮಕ್ಕಳು ಅಂಜುತ್ತಂಜುತ್ತ ಇಂಗ್ಲಿಷಿನಲ್ಲಿ ‘ಟೂ ಟೀ’ ಎಂದರು. ಗಲ್ಲೆಯಲ್ಲಿ ಕೂತಿದ್ದ ಯಜಮಾನರು, “ಕನ್ನಡದಾಗೇ ಹೇಳ್ರಪ್ಪಾ, ನಮಗೂ ಬರ್ತೈತೆ” ಎಂದುಬಿಟ್ಟರು.

ಲೇಪಾಕ್ಷಿ ಹಿಂದೂಪುರದಿಂದ ಪೂರ್ವಕ್ಕೆ ಸುಮಾರು 15 ಕಿಲೋಮೀಟರ್. ಆಮೆಯ ಬೆನ್ನಿನಂತಹ ಕೂರ್ಮಶೈಲವೆಂಬ ಬಂಡೆಗುಡ್ಡದ ಮೇಲಿರುವ ವೀರಭದ್ರ ದೇವಸ್ಥಾನ ವಿಜಯನಗರದ ಅಚ್ಯುತದೇವರಾಯನ ಕಾಲದ್ದು. ಪೆನುಗೊಂಡೆಯಲ್ಲಿ ಅಧಿಕಾರದಲ್ಲಿದ್ದ ವಿರೂಪಣ್ಣ, ವೀರಣ್ಣ ಎಂಬ ಸಹೋದರರು 1530ರ ದಶಕದಲ್ಲಿ ಕಟ್ಟಿಸಿದ್ದು. ಇಲ್ಲಿನ ಶಾಸನಗಳು ಕನ್ನಡದಲ್ಲಿವೆ. ನಾಟ್ಯಮಂಟಪದ ಒಳಮಾಳಿಗೆಯ ತುಂಬ ಬಣ್ಣದ ಚಿತ್ರಗಳು: ಕಿರಾತಾರ್ಜುನೀಯ, ದ್ರೌಪದಿಯ ಸ್ವಯಂವರ, ಪಾರ್ವತಿಯ ಮದುವೆ. ಹೆಂಗಸರ ಸೀರೆಗಳ ಅಂಚನ್ನು ನೋಡಿ ನಮ್ಮ ಹುಡುಗಿಯರು ಹೊರಗೆ ಬರಲು ಒಪ್ಪಲಿಲ್ಲ. ದೇವಸ್ಥಾನದಿಂದ ಸ್ವಲ್ಪ ದೂರದಲ್ಲಿ ಒಂದೇ ಬಂಡೆಯಲ್ಲಿ ಕೆತ್ತಿದ, ಸುಮಾರು 27 ಅಡಿ ಉದ್ದ, 15 ಅಡಿ ಎತ್ತರದ ನಂದಿ. ಇವೆರಡನ್ನೂ 2022ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿಸಲಾಗಿದೆ.

ಪ್ರಾಕಾರದ ಗೋಡೆಯ ಶಾಸನದ ಜೋಡಿಗೆ ಅತ್ಯಂತ ಕಷ್ಟದ ಕೆಲಸ ಬಂದಿತ್ತು. ಐನೂರು ವರ್ಷದ ಹಿಂದಿನ ಅಕ್ಷರ. ಪೂರ್ತಿ ಓದುವುದು ಮಕ್ಕಳಿಂದಾಗುವ ಮಾತಲ್ಲ. ಆದರೂ ‘ಶ್ರೀ’ಯನ್ನು ಹುಡುಕಿದರು, ‘ರಾಯ’ ಎಂಬುದನ್ನು ಹುಡುಕಿದರು, ಒಂದೊಂದೇ ಅಕ್ಷರವನ್ನು ಬೆರಳಿನಿಂದ ಗಾಳಿಯಲ್ಲಿ ತಿದ್ದಿದರು. ಕಲ್ಲನ್ನು ಮುಟ್ಟಬಾರದೆಂಬ ಕಟ್ಟಳೆಯನ್ನು ನಾವು ಮೊದಲೇ ವಿಧಿಸಿದ್ದೆವು. ಅಷ್ಟರಲ್ಲಿ ಹೈದರಾಬಾದಿನಿಂದ ಬಂದ ಕಾಲೇಜು ಹುಡುಗರು ನಾಲ್ಕೈದು ಮಂದಿ ಬಂದು ನಿಂತು, ಇವರು ಏನು ಓದುತ್ತಿದ್ದಾರೆಂದು ಇಂಗ್ಲಿಷಿನಲ್ಲಿ ಕೇಳಿದರು. ನಮ್ಮ ಹುಡುಗ ತನಗೆ ಬರುವ ಇಂಗ್ಲಿಷಿನಲ್ಲಿ, “ದಿಸ್ ಈಸ್ ಕನ್ನಡ, ಐ ಸ್ಟಡಿ ಇನ್ ಕನ್ನಡ” ಎಂದ. ಅವರು ಅವನಿಂದಲೇ ತಮ್ಮ ಮೊಬೈಲಿನಲ್ಲಿ ಆ ಅಕ್ಷರಗಳ ಫೊಟೊ ತೆಗೆಸಿಕೊಂಡು, ಯಾವುದು ಯಾವ ಅಕ್ಷರವೆಂದು ಕೇಳಿ ಬರೆದುಕೊಂಡರು. ಸಭೆಯಲ್ಲಿ ‘ಯಾರ ಹತ್ತಿರ ಮಾತಾಡ್ಲಿಕ್ಕೆ ಉಂಟು’ ಎಂದವರ ಮಗನೇ ಈ ಹುಡುಗ ಎಂಬುದನ್ನು ಹೇಳದಿರಲಾರೆ.

ಇದೇ ಜೋಡಿಯ ಕರಡಿನಲ್ಲಿ ‘ಕನ್ನಡಿಗರ ಈ ದೇವಸ್ಥಾನವನ್ನು ಆಂಧ್ರದವರು ಕಿತ್ತುಕೊಂಡರು’ ಎಂಬ ಒಂದು ವಾಕ್ಯವಿತ್ತು. ಊರಲ್ಲಿರುವಾಗಲೇ ಅದರ ಮೇಲೆ ಒಂದು ಪೀರಿಯಡ್ ಚರ್ಚೆ ನಡೆಯಿತು. ಈ ವಾಕ್ಯ ಯಾವ ಕಾಲಂಗೆ ಸೇರುತ್ತದೆ ಎಂದು ಕೇಳಿದೆ. ಯಾವುದಕ್ಕೂ ಸೇರಲಿಲ್ಲ. ಶಾಸನ ಕನ್ನಡದಲ್ಲಿದೆ, ಕಟ್ಟಿಸಿದವರು ವಿಜಯನಗರದ ಅಧಿಕಾರಿಗಳು, ಅಚ್ಯುತರಾಯನ ಅಣ್ಣ ಕೃಷ್ಣದೇವರಾಯ ತೆಲುಗಿನಲ್ಲಿ ಕಾವ್ಯ ಬರೆದವನು, ಇಂದು ಅಲ್ಲಿ ಪೂಜೆಗೆ ಬರುವವರಲ್ಲಿ ತೆಲುಗರೇ ಹೆಚ್ಚು. ಇವಿಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲವನು ಗೈಡು. ಒಂದನ್ನು ಹೇಳಿ ಮತ್ತೊಂದನ್ನು ನುಂಗುವವನಿಗೆ ಬೇರೆ ಹೆಸರಿದೆ, ಚುನಾವಣೆಯ ಕಾಲದಲ್ಲಿ ಅಂಥವರು ಮನೆಬಾಗಿಲಿಗೇ ಬರುತ್ತಾರೆ. ಬೇಕಲದಲ್ಲಿ ಇಕ್ಕೇರಿಯ ಹೆಸರೆತ್ತದೆ ಯಾರಾದರೂ ಕೋಟೆಯ ಕಥೆ ಹೇಳಿದರೆ ನಮಗೆ ಹೇಗಾಗುತ್ತದೆ? ವಾಕ್ಯವನ್ನು ಹುಡುಗರೇ ಹೊಡೆದುಹಾಕಿದರು.

ಲೇಪಾಕ್ಷಿಯಲ್ಲಿ ಜನ ಕೇಳುವುದು ಮುಖ್ಯವಾಗಿ ಮೂರು ಕಥೆ. ಒಂದು, ನೇತಾಡುವ ಕಂಬ. ಮಂಟಪದ ಕಂಬಗಳಲ್ಲಿ ಒಂದರ ಬುಡ ನೆಲಕ್ಕೆ ಪೂರ್ತಿ ಕೂತಿಲ್ಲ. ತೆಳುಬಟ್ಟೆಯನ್ನು ಅಡಿಯಿಂದ ಹಾಯಿಸಬಹುದು. ಇದು ಕಾಣುವುದು. ಬ್ರಿಟಿಷರ ಇಂಜಿನಿಯರನೊಬ್ಬ ಗುಟ್ಟು ತಿಳಿಯಲು ಹೋಗಿ ಅದನ್ನು ಅಲುಗಿಸಿದ ಎಂಬುದು ಹೇಳುವುದು. ಎರಡು, ಅಪೂರ್ಣವಾದ ಕಲ್ಯಾಣಮಂಟಪದ ಬಳಿ ಗೋಡೆಯ ಮೇಲಿರುವ ಎರಡು ಕೆಂಪು ಕಲೆ. ಬೊಕ್ಕಸದ ಹಣ ದುರುಪಯೋಗವಾಯಿತೆಂಬ ಆರೋಪಕ್ಕೆ ವಿರೂಪಣ್ಣ ತನ್ನ ಕಣ್ಣನ್ನೇ ಕಿತ್ತು ಗೋಡೆಗೆ ಎಸೆದನಂತೆ. ಈ ಭಾಗವನ್ನು ಹೇಳಬೇಕಾಗಿದ್ದ ಹುಡುಗಿ ‘ಅಂತೆ’ ಎಂಬ ಪದವನ್ನು ಎಲ್ಲಿ ಒತ್ತಬೇಕೆಂದು ಮನೆಯಲ್ಲಿ ಅಜ್ಜಿಯ ಎದುರು ಅಭ್ಯಾಸ ಮಾಡಿಕೊಂಡು ಬಂದಿದ್ದಳು. ಆ ‘ಅಂತೆ’ ನಮ್ಮ ಭಾಷೆಯ ದೊಡ್ಡ ಸೌಕರ್ಯ. ಕಥೆಗೆ ಅವಮಾನವಾಗುವುದಿಲ್ಲ, ಸತ್ಯಕ್ಕೂ ಲೋಪವಿಲ್ಲ.

ಮೂರನೆಯದು ಜಟಾಯು. ರಾವಣನಿಂದ ಏಟು ತಿಂದ ಹಕ್ಕಿ ಇಲ್ಲಿ ಬಿತ್ತು, ರಾಮ ‘ಲೇ ಪಕ್ಷಿ’, ಅಂದರೆ ತೆಲುಗಿನಲ್ಲಿ ‘ಏಳು ಹಕ್ಕಿಯೇ’ ಎಂದ, ಅದರಿಂದ ಈ ಹೆಸರು ಎಂದು ಊರವರು ಹೇಳುತ್ತಾರೆ. “ಹಾಗಾದರೆ ರಾಮನಿಗೆ ತೆಲುಗು ಬರ್ತಿತ್ತಾ?” ಎಂದು ನಮ್ಮವರಲ್ಲೇ ಒಬ್ಬ ಕೇಳಿ ಎಲ್ಲರನ್ನೂ ನಗಿಸಿದ. ಇದನ್ನು ಹೇಳುತ್ತಿದ್ದವಳು ಬದಿಯಡ್ಕ ಕಡೆಯ ಹುಡುಗಿ. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ನೆಲ ನೋಡುವವಳು. ಅವಳು ಮಾತಾಡುತ್ತಿದ್ದಾಗ ಹಿಂದೆ ಒಂದು ಕುಟುಂಬ ನಿಂತು ಕೇಳುತ್ತಿತ್ತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಲಯಾಳಿಗಳು, ಭಾನುವಾರದ ತಿರುಗಾಟಕ್ಕೆ ಬಂದವರು. ತಮ್ಮತಮ್ಮೊಳಗೆ ಮಲಯಾಳದಲ್ಲಿ, “ಇವರು ಏನು ಹೇಳುತ್ತಿದ್ದಾರೋ” ಎಂದುಕೊಂಡದ್ದು ಅವಳ ಕಿವಿಗೆ ಬಿತ್ತು. ನಾವು ಯಾರೂ ಹೇಳಿಕೊಡಲಿಲ್ಲ. ಅವಳು ಕನ್ನಡದಲ್ಲಿ ಒಂದು ವಾಕ್ಯ ಮುಗಿಸಿ, ಅವರತ್ತ ತಿರುಗಿ, ಅದೇ ವಾಕ್ಯವನ್ನು ಮಲಯಾಳದಲ್ಲಿ ಹೇಳಿದಳು. ಮತ್ತೆ ಕನ್ನಡ, ಮತ್ತೆ ಮಲಯಾಳ. ಹೀಗೆ ಹತ್ತು ನಿಮಿಷ.

ಕೊನೆಗೆ ಆ ಗೃಹಸ್ಥರು ಸುಮ್ಮನಿರಲಾರದೆ, “ಜಟಾಯು ವೀಣದ್ ನಮ್ಮುಡೆ ಚಡಯಮಂಗಲತ್ತಲ್ಲೇ?” ಎಂದು ಕೇಳಿಯೇಬಿಟ್ಟರು. ಕೊಲ್ಲಂ ಜಿಲ್ಲೆಯ ಚಡಯಮಂಗಲದ ಬಂಡೆಯ ಮೇಲೆ 200 ಅಡಿ ಉದ್ದದ ಜಟಾಯುವಿನ ಶಿಲ್ಪವಿದೆ, 2018ರಲ್ಲಿ ಪ್ರವಾಸಿಗಳಿಗೆ ತೆರೆದದ್ದು. ನಾನು ಉಸಿರು ಬಿಗಿಹಿಡಿದು ನಿಂತೆ. ಹುಡುಗಿ ಒಂದು ಕ್ಷಣ ಯೋಚಿಸಿ, ಅಲ್ಲಿಯವರು ಅಲ್ಲಿ ಬಿತ್ತು ಎನ್ನುತ್ತಾರೆ, ಇಲ್ಲಿಯವರು ಇಲ್ಲಿ ಬಿತ್ತು ಎನ್ನುತ್ತಾರೆ, ನಾನೀಗ ಇಲ್ಲಿ ನಿಂತಿದ್ದೇನಾದುದರಿಂದ ಇಲ್ಲಿಯವರ ಮಾತನ್ನು ಹೇಳಿದೆ ಎಂದು ಮಲಯಾಳದಲ್ಲೇ ಉತ್ತರಿಸಿದಳು. ಆ ತಾಯಿ ಅವಳ ಕೈಗೆ ನೂರು ರೂಪಾಯಿ ಕೊಡಹೋದರು. ತೆಗೆದುಕೊಳ್ಳಬೇಕೋ ಬೇಡವೋ ಎಂದು ಅವಳು ನನ್ನ ಮುಖ ನೋಡಿದಳು. ಬೇಡವೆಂದು ತಲೆಯಾಡಿಸಿದೆ. ನಮ್ಮ ಸಹೋದ್ಯೋಗಿಗಳ ಅಭಿಪ್ರಾಯ ಬೇರೆ: ದುಡಿದದ್ದಕ್ಕೆ ಸಂಭಾವನೆ ತೆಗೆದುಕೊಳ್ಳುವುದನ್ನೂ ಕಲಿಯಬೇಕು ಎಂದು ಅವರು ವಾದಿಸಿದರು. ವಾದ ರಾತ್ರಿ ಊಟದವರೆಗೂ ನಡೆಯಿತು.

ಮರುದಿನ ಮಡಕಶಿರಾ ದಾಟಿ ಅಮರಾಪುರದ ಬಳಿಯ ಹೇಮಾವತಿಗೆ. ಇದೇ ಹಿಂದಿನ ಹೆಂಜೇರು, ನೊಳಂಬರ ರಾಜಧಾನಿ. ನೊಳಂಬವಾಡಿ ಮೂವತ್ತೆರಡು ಸಾಸಿರವೆಂದು ಪಾಠದಲ್ಲಿ ಓದುವ ನಾಡಿಗೆ ಒಂದು ಕಾಲದಲ್ಲಿ ಇಲ್ಲಿಂದಲೇ ಆಳ್ವಿಕೆ. ಹತ್ತನೆಯ ಶತಮಾನದಲ್ಲಿ ಇವರನ್ನು ಸೋಲಿಸಿದ ಗಂಗರ ಮಾರಸಿಂಹ ‘ನೊಳಂಬಕುಲಾಂತಕ’ನೆಂದು ಬಿರುದು ಪಡೆದ. ಇಂದು ಅದು ಒಂದು ಸಣ್ಣ ಹಳ್ಳಿ. ದೊಡ್ಡೇಶ್ವರನ ಗುಡಿಯ ಕಲ್ಲಿನ ಜಾಲಂಧ್ರಗಳು, ನುಣುಪಾದ ಕರಿಕಲ್ಲಿನ ಕಂಬಗಳು, ಲಿಂಗರೂಪದಲ್ಲಲ್ಲದೆ ಕುಳಿತ ಮೂರ್ತಿಯಾಗಿ ಪೂಜೆಗೊಳ್ಳುವ ಸಿದ್ಧೇಶ್ವರ, ನೋಡಬೇಕಾದದ್ದು ಬಹಳ.

ಇಲ್ಲಿ ನಮ್ಮ ಗೈಡುಗಳ ಕೆಲಸ ಕೆಟ್ಟಿತು. ನಮ್ಮ ಹುಡುಗ ಪುಸ್ತಕ ಹಿಡಿದು ಶುರುಮಾಡುವಷ್ಟರಲ್ಲಿ ಊರಿನ ಶಾಲೆಯ ಐದಾರು ಮಕ್ಕಳು ಸುತ್ತ ಸೇರಿದರು. ಎಂಟನೆಯ ತರಗತಿಯ ಒಬ್ಬಳು ಹುಡುಗಿ ಸ್ವಲ್ಪ ಹೊತ್ತು ಕೇಳಿ, “ಅಂಗಲ್ಲಣ್ಣ, ಮೊದ್ಲು ಈ ಕಡೆ ಬರ್ಬೇಕು, ಬಿಸ್ಲು ಬಿದ್ರೆ ಜಾಲಂಧ್ರದಾಗಿನ ಗೊಂಬೆ ಕಾಣ್ಸಲ್ಲ” ಎಂದು ನಮ್ಮೆಲ್ಲರನ್ನೂ ಎಳೆದುಕೊಂಡು ಹೋದಳು. ಅವಳ ಕೈಯಲ್ಲಿ ಪುಸ್ತಕವಿಲ್ಲ, ಕಾಲಂ ಇಲ್ಲ. ಯಾವ ಕಲ್ಲಿಗೆ ಯಾವ ಹೊತ್ತಿನಲ್ಲಿ ಬೆಳಕು ಬೀಳುತ್ತದೆ ಎಂಬುದು ಅವಳಿಗೆ ಗೊತ್ತು. “ಇಲ್ಲಿ ಗುಂಡಿ ತೋಡಿದ್ರೆ ಲಿಂಗ ಸಿಗ್ತೈತೆ ಅಂತಾಳೆ ನಮ್ಮಜ್ಜಿ” ಎಂದಳು. ಆದರೆ ಒಂದು ಸಂಗತಿ ಅವಳಿಗೆ ತಿಳಿದಿರಲಿಲ್ಲ. ಇಲ್ಲಿಯ ಚಿತ್ತಾರದ ಕಂಬಗಳು, ಶಿಲ್ಪಗಳು ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿವೆ, ಅವುಗಳ ಮೇಲೆ ಶಿವರಾಮಮೂರ್ತಿಯವರು 1964ರಲ್ಲಿ ಒಂದು ಗ್ರಂಥವನ್ನೇ ಬರೆದಿದ್ದಾರೆ ಎಂದು ನಮ್ಮ ಹುಡುಗ ಹೇಳಿದಾಗ ಅವಳ ಮುಖ ಸಣ್ಣದಾಯಿತು. “ನಮ್ಮೂರಿನವಾ? ಟಿಕೇಟು ತಗಂಡು ನೋಡ್ಬೇಕಾ?” ಎಂದು ಕೇಳಿದಳು. ನಮ್ಮವನು ತನ್ನ ನೋಟ್ ಪುಸ್ತಕದ ಆ ಹಾಳೆಯನ್ನು ಹರಿದು ಅವಳಿಗೆ ಕೊಟ್ಟ.

ಆಮೇಲೆ ಗುಡಿಯ ಜಗಲಿಯಲ್ಲಿ ಎರಡೂ ಕಡೆಯ ಮಕ್ಕಳು ಕೂತು ಮಾತಿಗಿಳಿದರು. “ನೀವು ಮನೇಲಿ ಕನ್ನಡ, ಪ್ಯಾಟೇಲಿ ಮಲಯಾಳ. ನಾವು ಮನೇಲಿ ಕನ್ನಡ, ಪ್ಯಾಟೇಲಿ ತೆಲುಗು” ಎಂದು ಆ ಹುಡುಗಿ ಲೆಕ್ಕ ಹಾಕಿದಳು. ನಮ್ಮವಳೊಬ್ಬಳು ತಿದ್ದಿದಳು: ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. “ಅಬ್ಬಾ, ಮೂರಾ!” ಆಂಧ್ರದ ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ, ಬರೆದ ಮೇಲೆ ಮುಂದೇನು ಎಂಬುದೇ ಅವರ ಪ್ರಶ್ನೆ. ನಮ್ಮದೂ ಅದೇ. ಇದನ್ನು ಅವರವರೇ ಮಾತಾಡಿಕೊಂಡರು, ನಾವು ಅಧ್ಯಾಪಕರು ದೂರ ಕೂತು ಕಡಲೆಕಾಯಿ ಸುಲಿಯುತ್ತಿದ್ದೆವು.

ಅಲ್ಲಿಂದ ಕಲ್ಯಾಣದುರ್ಗಕ್ಕೆ ಹೋಗುವ ದಾರಿ ಪಾವಗಡದ ಮೂಲಕ. ಆಂಧ್ರದಿಂದ ಹೊರಟು ಕರ್ನಾಟಕಕ್ಕೆ ಬಂದು ಮತ್ತೆ ಆಂಧ್ರ. ಅಂಗಡಿಗಳ ಬೋರ್ಡು ತೆಲುಗಿನಿಂದ ಕನ್ನಡಕ್ಕೂ ಕನ್ನಡದಿಂದ ತೆಲುಗಿಗೂ ಬದಲಾಗುವುದನ್ನು ಮಕ್ಕಳು ಕಿಟಕಿಯಿಂದ ಎಣಿಸಿದರು. ಕಂಬದೂರಿನಲ್ಲಿ ಮಲ್ಲಿಕಾರ್ಜುನ ದೇವಸ್ಥಾನ ನೋಡಿದೆವು. ಈ ಮಂಡಲಕ್ಕೇ ಸೇರಿದ ರಾಳ್ಳಪಲ್ಲಿ ಎಂಬ ಹಳ್ಳಿ ವಿದ್ವಾಂಸ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರ ಹುಟ್ಟೂರು. 1893ರಲ್ಲಿ ಹುಟ್ಟಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದೀರ್ಘಕಾಲ ತೆಲುಗು ಕಲಿಸಿ, ಕನ್ನಡದಲ್ಲಿ ‘ಗಾನಕಲೆ’, ‘ಸಾಹಿತ್ಯ ಮತ್ತು ಜೀವನಕಲೆ’ಗಳನ್ನು ಬರೆದು, ತಿರುಪತಿಯಲ್ಲಿ ಅನ್ನಮಾಚಾರ್ಯರ ಕೀರ್ತನೆಗಳ ಸಂಪಾದನೆಯಲ್ಲಿ ತೊಡಗಿ, 1979ರಲ್ಲಿ ತೀರಿಕೊಂಡವರು. ಅವರ ಬಗ್ಗೆ ಹೇಳಬೇಕಾಗಿದ್ದ ಜೋಡಿಗೆ ತೋರಿಸಲು ಕಲ್ಲೂ ಇಲ್ಲ, ಕಂಬವೂ ಇಲ್ಲ. ಬಸ್ಸಿನೊಳಗೇ ಎದ್ದು ನಿಂತು, ಸರಳು ಹಿಡಿದುಕೊಂಡು ಹೇಳಿದರು. ಮನುಷ್ಯನನ್ನು ತೋರಿಸುವುದು ಗುಡಿಯನ್ನು ತೋರಿಸುವುದಕ್ಕಿಂತ ಕಷ್ಟವೆಂದು ಆಗ ಕಂಡಿತು.

ಕಲ್ಯಾಣದುರ್ಗದಲ್ಲಿ ಅಕ್ಕಮ್ಮನ ಬೆಟ್ಟ, ಊರಿನ ಸಮೀಪ ಮುದಿಗಲ್ಲಿನ ಬಳಿಯ ಬೃಹತ್ ಶಿಲಾಯುಗದ ಗೋರಿಗಳು. ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ, ಎರಡು ಸಾವಿರ ವರ್ಷಕ್ಕೂ ಹಿಂದಿನ ರಚನೆಗಳು. ‘ಬರೆದಿರುವುದು’ ಎಂಬ ಕಾಲಂ ಇಲ್ಲಿ ಪೂರ್ತಿ ಖಾಲಿ. ಹುಡುಗರು ನಮ್ಮ ಕಡೆಯ ‘ಮುನಿಯರ’ಗಳಿಗೆ ಹೋಲಿಸಿ ಹೇಳಿದ್ದರಿಂದ ಕೇಳುವವರಿಗೆ ಸ್ವಲ್ಪ ಹಿಡಿತ ಸಿಕ್ಕಿತು. ಬಿಸಿಲು ವಿಪರೀತವಿದ್ದುದರಿಂದ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮರಳಿ ಬಂದ ಮೇಲೆ ಪೋಷಕರ ಪ್ರಶ್ನೆ, ಇದರಿಂದ ಹೊಟ್ಟೆಗೆ ಎಂತ ಸಿಗ್ತದೆ ಎಂಬುದು. ಕೇಳಬೇಕಾದ ಪ್ರಶ್ನೆಯೇ. ಬೇಕಲವನ್ನು 1992ರಲ್ಲಿ ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಕೇಂದ್ರ ಸರಕಾರ ಘೋಷಿಸಿತು. 1995ರಲ್ಲಿ ಅದಕ್ಕಾಗಿಯೇ ಒಂದು ನಿಗಮ ಆಯಿತು. ಹೋಟೆಲುಗಳು ಬಂದಿವೆ, ಜನ ಬರುತ್ತಾರೆ. ಹಾಗೆ ಬರುವವರಲ್ಲಿ ಕರ್ನಾಟಕದವರು ಕಡಿಮೆಯಿಲ್ಲ. ಶಿವಪ್ಪ ನಾಯಕ ಕಟ್ಟಿಸಿದನೆಂಬ ಕೋಟೆಗೆ ಶಿವಮೊಗ್ಗದಿಂದ ಬಂದವರಿಗೆ ಕನ್ನಡದಲ್ಲಿಯೂ, ಕೋಯಿಕ್ಕೋಡಿನಿಂದ ಬಂದವರಿಗೆ ಮಲಯಾಳದಲ್ಲಿಯೂ ಒಂದೇ ಕಥೆಯನ್ನು ಸರಿಯಾಗಿ ಹೇಳಬಲ್ಲವರು ನಮ್ಮ ಮಕ್ಕಳಲ್ಲದೆ ಬೇರೆ ಯಾರಿದ್ದಾರೆ? ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2020ರಲ್ಲಿ ಆರಂಭಿಸಿದ ಆನ್‌ಲೈನ್ ತರಬೇತಿಯೊಂದಿದೆ, ಇನ್‌ಕ್ರೆಡಿಬಲ್ ಇಂಡಿಯಾ ಟೂರಿಸ್ಟ್ ಫೆಸಿಲಿಟೇಟರ್ ಎಂದು ಅದರ ಹೆಸರು. ಹೈಸ್ಕೂಲಿನ ಮಕ್ಕಳಿಗೆ ಅದು ಈಗಲೇ ಬೇಕಾದದ್ದಲ್ಲ. ಪ್ಲಸ್ ಟು ಮುಗಿಸಿದ ಅಕ್ಕ ಅಣ್ಣಂದಿರು ವಿಚಾರಿಸಬಹುದು.

ಬೇರೆ ಶಾಲೆಯವರಿಗೆ ಉಪಯೋಗವಾದೀತೆಂದು ಎರಡು ಮಾತು. ಡಿಸೆಂಬರ್, ಜನವರಿಯಲ್ಲದೆ ಆ ಕಡೆ ಹೋಗಬೇಡಿ. ಲೇಪಾಕ್ಷಿಯನ್ನು ಬೆಳಗ್ಗೆ ಬೇಗ ನೋಡಬೇಕು. ಬಿಸಿಲೇರಿದ ಮೇಲೆ ಬರಿಗಾಲಲ್ಲಿ ಆ ಬಂಡೆಯ ಮೇಲೆ ನಡೆಯಲು ಆಗುವುದಿಲ್ಲ. ಚಿತ್ರಗಳಿಗೆ ಫ್ಲಾಶ್ ಹಾಕಿ ಫೊಟೊ ತೆಗೆಯದಂತೆ ಮಕ್ಕಳಿಗೆ ಮೊದಲೇ ಹೇಳಿ. ಹೇಮಾವತಿಗೆ ಕನಿಷ್ಠ ಅರ್ಧ ದಿನ ಇಡಿ, ಸಾಧ್ಯವಾದರೆ ಅಲ್ಲಿಯ ಶಾಲೆಗೆ ಮುಂಚಿತವಾಗಿ ಒಂದು ಕಾಗದ ಬರೆಯಿರಿ. ನಮ್ಮ ಮಕ್ಕಳು ಈಗ ಬೇಕಲದ ಎಂಟು ನಿಮಿಷದ ಮಾತನ್ನು ಎರಡು ಭಾಷೆಯಲ್ಲಿ ಸಿದ್ಧಮಾಡುತ್ತಿದ್ದಾರೆ. ಹೇಮಾವತಿಯ ಮಕ್ಕಳು ಕಡಲು ನೋಡಲು ಬರುತ್ತೇವೆಂದು ಬರೆದಿದ್ದಾರೆ.